ಸಿಂಗನಾಯಕನಹಳ್ಳಿ ಬಳಿ ನಿಂತ ಚುಕ್ಕಿ

ನವೆಂಬರ್ 13, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ. ರಾಜಾನುಕುಂಟೆ ಠಾಣೆಗೆ ಇನ್ನೂ ಕಾಫಿ ಬಂದಿರಲಿಲ್ಲ, ದೂರು ಬಂತು. ತಂದವನು ಪಂಚಪ್ಪ. ಊರು ಕೊಪ್ಪಳದ ಕಡೆ. ಇಲ್ಲಿ ಸಿಮೆಂಟ್ ಇಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ಸಂಗವ್ವ ಹತ್ತಿರದ ಕಾಲೇಜೊಂದರ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವವಳು. ಹಿಂದಿನ ಸಂಜೆ ಕೆಲಸ ಮುಗಿಸಿ ಸಿಂಗನಾಯಕನಹಳ್ಳಿಯ ಬಾಡಿಗೆ ಮನೆಗೆ ನಡೆದು ಬರುತ್ತಿದ್ದಾಗ ಯಾವುದೋ ಗಾಡಿ ಗುದ್ದಿ ಹೋಗಿತ್ತು. ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು.

ಇನ್‌ಸ್ಪೆಕ್ಟರ್ ಸೋಮನಾಥ ಕುರ್ಚಿ ತೋರಿಸಿದರು. ಪಂಚಪ್ಪ ಕೂರಲಿಲ್ಲ.

“ಎಷ್ಟು ಹೊತ್ತಿಗೆ ಆಗಿದ್ದು?”

“ಏಳೂ ನಲವತ್ತಕ್ಕರೀ. ಫೋನ್‌ನ್ಯಾಗ ನನ್ನ ಕೂಡನ ಮಾತಾಡ್ಕೋತ ಬರ್ತಿದ್ಲು. ‘ಬಂದಬಿಟ್ಟೆ, ಅನ್ನಕ್ಕ ಇಡು’ ಅಂದ್ಲು. ಅಷ್ಟ. ಆಮ್ಯಾಲೆ ಬರೇ ಗಾಡಿ ಸಪ್ಪಳ.”

ಪಂಚಪ್ಪ ಒಲೆ ಆರಿಸಿ ಓಡಿದ್ದ. ಸಂಗವ್ವ ರಸ್ತೆ ಪಕ್ಕದ ಮೋರಿಯೊಳಗೆ ಬಿದ್ದಿದ್ದರಿಂದ ಕತ್ತಲಲ್ಲಿ ಅವನಿಗೆ ಕಾಣಲಿಲ್ಲ. ಎರಡು ಸಲ ಅದೇ ಜಾಗ ದಾಟಿ ಹೋಗಿದ್ದೆ ಎಂದ. ಒಂಬತ್ತು ಗಂಟೆಗೆ ಯಲಹಂಕದ ಆಸ್ಪತ್ರೆಯಿಂದ ಕರೆ ಬಂತು. ಯಾರೋ ಹುಡುಗ ಬಿಳೀ ಕಾರಿನಲ್ಲಿ ತಂದು ಮಲಗಿಸಿ, ಹೆಸರೂ ಹೇಳದೆ ಹೋಗಿದ್ದ. ಗುದ್ದಿದವನು ಅವನೇ, ಓಡಿಹೋಗಿ ಆಮೇಲೆ ಹೆದರಿ ವಾಪಸು ಬಂದಿದ್ದಾನೆ ಎಂಬುದರಲ್ಲಿ ಪಂಚಪ್ಪನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

“ಗುದ್ದಲಾರದಾಂವ ಹೆಸರ್ ಹೇಳಾಕ ಯಾಕ ಅಂಜ್ಬೇಕ್ರೀ? ಗುದ್ದಿದ್ದಕ್ಕ ನನಗ ಸಿಟ್ಟಿಲ್ಲ ಸಾಹೇಬ್ರ. ಮುಕ್ಕಾಲು ತಾಸು ಮೋರಿಯೊಳಗ ಬಿಟ್ಟು ಹೋದ್ನಲ್ಲ, ಅದಕ್ಕ ಐತಿ.”

ಅಜಾಗರೂಕ ಚಾಲನೆ, ತೀವ್ರ ಗಾಯ, ಗಾಯಾಳುವಿಗೆ ನೆರವಾಗದೆ ಪರಾರಿ ಎಂದು ಕಲಂಗಳನ್ನು ಹಾಕಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದು ಬರೆಯಲಾಯಿತು.

ಹನ್ನೊಂದಕ್ಕೆ ಸೋಮನಾಥ ಮತ್ತು ಹೆಡ್ ಕಾನ್‌ಸ್ಟೆಬಲ್ ಭಾಗ್ಯಶ್ರೀ ಸ್ಥಳಕ್ಕೆ ಹೋದರು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹಗಲು ಹೊತ್ತು ನಿಂತು ಪಂಚನಾಮೆ ಬರೆಯುವುದೆಂದರೆ ಪ್ರಾಣವನ್ನು ಅಂಗೈಯಲ್ಲಿ ಹಿಡಿದು ನಿಂತಂತೆ. ಪೊಲೀಸರಿದ್ದಾರೆ ಎಂದು ಯಾವನೂ ನಿಧಾನ ಮಾಡುವುದಿಲ್ಲ. ಏನಾಯಿತು ಎಂದು ಕತ್ತು ತಿರುಗಿಸಿ ನೋಡಲು ಮಾತ್ರ ಎಲ್ಲರಿಗೂ ಪುರುಸೊತ್ತಿರುತ್ತದೆ. ಡಾಂಬರಿನ ಮೇಲೆ ಬ್ರೇಕ್ ಹಾಕಿದ ಗುರುತು ಒಂದೂ ಇರಲಿಲ್ಲ. ಮೋರಿಯ ಅಂಚಿನಲ್ಲಿ ಇಂಡಿಕೇಟರಿನ ಕಿತ್ತಳೆ ಬಣ್ಣದ ತುಂಡೊಂದು ಸಿಕ್ಕಿತು. ಇಬ್ಬರು ಪಂಚರ ಎದುರು ಅದನ್ನು ಕವರಿಗೆ ಹಾಕಿ ಸೀಲ್ ಮಾಡಿದರು.

ಎದುರಿನ ಪೆಟ್ಟಿಗೆ ಅಂಗಡಿಯ ನೀಲಕ್ಕ ಗುದ್ದಿದ್ದನ್ನು ನೋಡಿರಲಿಲ್ಲ. ಎಂಟೂವರೆಯ ಸುಮಾರಿಗೆ ಅಂಗಡಿ ಮುಚ್ಚುವಾಗ ಬಿಳೀ ಕಾರೊಂದು ನಿಂತದ್ದನ್ನೂ, ಹುಡುಗನೊಬ್ಬ ಮೊಬೈಲ್ ಟಾರ್ಚ್ ಹಿಡಿದು ಮೋರಿಗೆ ಇಳಿದದ್ದನ್ನೂ ನೋಡಿದ್ದಳು. ಹಿಂದಿನ ಗಾಜಿನ ಮೇಲೆ ಕೆಂಪು ಎಲ್ ಅಕ್ಷರ ಇತ್ತಂತೆ.

ಆಸ್ಪತ್ರೆ ಗೇಟಿನ ಕ್ಯಾಮೆರಾದಲ್ಲಿ ಕಾರಿನ ನಂಬರ್ ಸ್ಪಷ್ಟವಾಗಿ ಬಿದ್ದಿತ್ತು. ಮಾಲೀಕನ ಹೆಸರು ಮುನಿಆಂಜಿನಪ್ಪ. ವಿಳಾಸ ನೋಡಿ ಭಾಗ್ಯಶ್ರೀ ನಕ್ಕಳು. ಠಾಣೆಯಿಂದ ಕೂಗಿದರೆ ಕೇಳುವಷ್ಟು ದೂರದ ಮನೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಆ ಮನೆಗೆ ಹೋದರು. ಮುನಿಆಂಜಿನಪ್ಪ ಈ ಊರಿನವನೇ. ಸುತ್ತಲಿನ ತೋಟಗಳ ತರಕಾರಿಯನ್ನು ಪಿಕಪ್ ಗಾಡಿಯಲ್ಲಿ ಯಶವಂತಪುರದ ಯಾರ್ಡಿಗೆ ಸಾಗಿಸುವುದು ಅವನ ಕಸುಬು. ಮನೆಯಲ್ಲಿ ತಾಯಿ ಗೋಪಾಲಮ್ಮ, ಹೆಂಡತಿ ರಾಣಿ, ಒಬ್ಬನೇ ಮಗ ಶರತ್. ಶರತ್‌ಗೆ ಹದಿನೆಂಟು ತುಂಬಿ, ಲೈಸೆನ್ಸ್ ಕೈಗೆ ಬಂದು ಮೂರು ತಿಂಗಳು. ಅಂಗಳದಲ್ಲಿ ಪಿಕಪ್ಪೂ ಬಿಳೀ ಕಾರೂ ಅಕ್ಕಪಕ್ಕ ನಿಂತಿದ್ದವು. ಕಾರಿನ ಹಿಂದಿನ ಸೀಟಿನ ಕವರು ಒಗೆದು, ಕಾಂಪೌಂಡ್ ಗೋಡೆಯ ಮೇಲೆ ಒಣಗಲು ಹಾಕಿತ್ತು.

ಅಷ್ಟು ಸಾಕಿತ್ತು. ರಕ್ತ ಒಗೆದ ಸೀಟು, ಹೇಳದ ಹೆಸರು, ಹೊಸ ಲೈಸೆನ್ಸು. ಬೇರೆ ಯಾರಾದರೂ ಆಗಿದ್ದರೆ ಹುಡುಗನನ್ನು ಜೀಪಿಗೆ ಹತ್ತಿಸಿ ಕೇಸು ಮುಗಿಯಿತು ಎನ್ನುತ್ತಿದ್ದರು. ಬಿದ್ದವಳನ್ನು ಎತ್ತಿದ ತಪ್ಪಿಗೆ ಆ ಹುಡುಗ ಆರೋಪಿಯಾಗುತ್ತಿದ್ದ. ಸೋಮನಾಥರಿಗೆ ಅವಸರವೆಂದರೆ ಆಗದು. ಅವರು ಜಗಲಿಯ ಮೇಲೆ ಕೂತು ನೀರು ಕೇಳಿದರು.

“ಬುಧವಾರ ಸಾಯಂಕಾಲ ಎಲ್ಲಿದ್ದೆ?”

“ಸಂಜಯನಗರದಲ್ಲಿ ಸಾರ್. ಫ್ರೆಂಡ್ ಮನೇಲಿ.”

“ಆ ಹೆಂಗಸನ್ನ ಎತ್ಕೊಂಡು ಹೋಗಿದ್ದು ನೀನೇನಾ?”

ಶರತ್ ಅಪ್ಪನ ಮುಖ ನೋಡಿದ. “ಹೌದು ಸಾರ್. ಮೋರಿಯಿಂದ ನರಳೋದು ಕೇಳುಸ್ತು. ಬಿಸಿಲು ಹೊತ್ತಾಗಿದ್ರೆ ಎಸಿ ಹಾಕಿ ಗ್ಲಾಸ್ ಏರ್ಸಿರ್ತಿದ್ದೆ, ಕೇಳ್ತಾನೇ ಇರ್ಲಿಲ್ಲ.”

“ಏಳೂ ನಲವತ್ತಕ್ಕೆ ಗುದ್ದಿದ್ದು?”

“ನಾನಲ್ಲ ಸಾರ್. ಅಮ್ಮನ ಆಣೆ.”

“ಹಂಗಾದ್ರೆ ಹೆಸರು ಯಾಕೆ ಹೇಳ್ಲಿಲ್ಲ?”

ಹೆಬ್ಬಾಳ ದಾಟಿದ ಮೇಲೆ ತಾನು ಜೋರಾಗಿ ಓಡಿಸಿದ್ದೆನೆಂದು ಹುಡುಗ ಒಪ್ಪಿಕೊಂಡ. ಅದು ಅಪ್ಪನ ಫೋನಿಗೆ ಹೋಗಿರುತ್ತದೆ, ಇದರ ಮೇಲೆ ಆಸ್ಪತ್ರೆ, ಪೊಲೀಸು ಅಂತ ಗೊತ್ತಾದರೆ ಕಾರಿನ ಕೀ ಶಾಶ್ವತವಾಗಿ ಬೀರು ಸೇರುತ್ತದೆ ಎಂಬ ಭಯ. ಸೀಟಿನ ಕವರನ್ನು ಗುರುವಾರ ತಾನೇ ಕದ್ದು ಒಗೆದಿದ್ದ. ಸಾಸ್ ಚೆಲ್ಲಿತು ಎಂದು ಅಮ್ಮನಿಗೆ ಸುಳ್ಳು ಹೇಳಿದ್ದ.

“ಠಾಣೆಗೆ ಬರ್ಬೇಕಾಗುತ್ತೆ,” ಅಂದರು ಸೋಮನಾಥ.

ಆಗ ಮುನಿಆಂಜಿನಪ್ಪ ಅಡ್ಡ ಬಂದ. ಅಲ್ಲಿಯವರೆಗೆ ತುಟಿ ಬಿಚ್ಚದವನು ಜೇಬಿನಿಂದ ಫೋನ್ ತೆಗೆದು ಇನ್‌ಸ್ಪೆಕ್ಟರ ಮುಖದ ಹತ್ತಿರ ಹಿಡಿದ. ಲೈಸೆನ್ಸ್ ಬಂದ ವಾರವೇ ಅವನು ಕಾರಿಗೆ ಜಿಪಿಎಸ್ ಕೂರಿಸಿದ್ದ. ಕಾರು ಎಲ್ಲಿದ್ದರೂ ಫೋನಿನ ನಕ್ಷೆಯ ಮೇಲೆ ನೀಲಿ ಚುಕ್ಕಿ. ವೇಗ ಅರವತ್ತು ದಾಟಿದರೆ ಗಂಟೆ ಬಾರಿಸುತ್ತದೆ. ಐದು ನಿಮಿಷ ನಿಂತರೆ ಅದನ್ನೂ ಹೇಳುತ್ತದೆ. ಹಿಂದೆಲ್ಲ ಮಗ ಎಲ್ಲಿ ಅಂತ ಅರಳಿಕಟ್ಟೆಯವರನ್ನು ಕೇಳುತ್ತಿದ್ದರು, ಅವರೂ ಅರ್ಧ ಸುಳ್ಳು ಸೇರಿಸಿ ಹೇಳುತ್ತಿದ್ದರು. ಫೋನಿಗೆ ಆ ದಾಕ್ಷಿಣ್ಯ ಇಲ್ಲ.

“ನೋಡಿ ಸಾರ್. ಏಳೂ ನಲವತ್ತಕ್ಕೆ ಕಾರು ಕೋಗಿಲು ಕ್ರಾಸಲ್ಲಿ ನಿಂತೈತೆ. ಅಲ್ಲಿಂದ ಸಿಂಗನಾಯಕನಹಳ್ಳಿ ಎಷ್ಟು ದೂರ ನೀವೇ ಏಳಿ. ನನ್ ಮಗ ಗುದ್ದಿಲ್ಲ.”

ಸೋಮನಾಥ ಫೋನ್ ತೆಗೆದುಕೊಂಡು ನಿಧಾನವಾಗಿ ನೋಡಿದರು. ನಿಜ. ಏಳೂ ಇಪ್ಪತ್ತಕ್ಕೆ ಜಕ್ಕೂರಿನ ಹತ್ತಿರ ವೇಗ ಎಂಬತ್ತನಾಲ್ಕು. ಆಮೇಲೆ ಕೋಗಿಲು ಕ್ರಾಸಿನಲ್ಲಿ ಅರ್ಧ ಗಂಟೆಗೂ ಮಿಗಿಲಾಗಿ ನಿಂತ ಚುಕ್ಕಿ. ಗೋಬಿ ಮಂಚೂರಿ ತಿನ್ನುತ್ತಿದ್ದೆ, ಫೋನ್ ಕಾರಿನಲ್ಲೇ ಚಾರ್ಜಿಗಿಟ್ಟಿದ್ದೆ ಎಂದು ಶರತ್ ಹೇಳಿದ. ಎಂಟೂವರೆಗೆ ಸಿಂಗನಾಯಕನಹಳ್ಳಿ ಮೋರಿಯ ಪಕ್ಕ ಚುಕ್ಕಿ ಏಳು ನಿಮಿಷ ನಿಂತು, ತಿರುಗಿ, ಆಸ್ಪತ್ರೆಗೆ ಹೋಗಿತ್ತು. ಹುಡುಗನ ಮಾತಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇರಲಿಲ್ಲ. ಒಳಗೆ ಬಾಗಿಲ ಹಿಂದೆ ನಿಂತಿದ್ದ ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್‌ಸ್ಪೆಕ್ಟರು ಮಾತ್ರ ಫೋನ್ ವಾಪಸು ಕೊಡಲಿಲ್ಲ.

“ಮಗ ಆಸ್ಪತ್ರೆಗೆ ಹೋಗಿದ್ದನ್ನ ನೀವು ಆವತ್ತೇ ಇದರಲ್ಲಿ ನೋಡಿದ್ರಾ?”

“ಊಂ... ನೋಡ್ದೆ ಸಾರ್.”

“ಯಾಕೆ ಹೋಗಿದ್ದೆ ಅಂತ ಕೇಳಿದ್ರಾ?”

ಮುನಿಆಂಜಿನಪ್ಪ ಫೋನಿಗೆ ಕೈ ಚಾಚಿದ. ಉತ್ತರಿಸಿದವನು ಮಗ. ಆರೋಪ ತಪ್ಪಿದ ಖುಷಿಯಲ್ಲಿ ಅವನ ನಾಲಿಗೆ ಸಡಿಲವಾಗಿತ್ತು.

“ಅದೇ ಆಶ್ಚರ್ಯ ಸಾರ್. ಟೀಗೆ ನಿಂತ್ರೂ ಯಾಕೆ ನಿಂತೆ ಅಂತ ಕೇಳ್ತಾರೆ. ದಿನಾ ಮನೆಗೆ ಬಂದ್ರೆ ಎಲ್ಲೆಲ್ಲಿ ನಿಂತೆ ಅಂತ ಒಪ್ಪಿಸ್ಬೇಕು. ಆವತ್ತು ಬೈಸ್ಕೊಳೋಕೆ ರೆಡಿಯಾಗೇ ಬಂದೆ. ಅಪ್ಪ ಏನೂ ಕೇಳ್ಲಿಲ್ಲ. ಊಟ ಮಾಡು ಅಂದು ಮಲಗೋಕೆ ಹೋದ್ರು.”

ಹೇಳಿ ಮುಗಿಸಿದ ಮೇಲೆ ಅವನಿಗೇ ಏನೋ ಹೊಳೆಯಿತು. ಅಪ್ಪನ ಕಡೆ ತಿರುಗಿದ. ಅಪ್ಪ ನೆಲ ನೋಡುತ್ತಿದ್ದ.

ಅಷ್ಟರಲ್ಲಿ ಭಾಗ್ಯಶ್ರೀ ಅಂಗಳದಲ್ಲಿ ಗೋಪಾಲಮ್ಮನ ಜೊತೆ ಮಾತಿಗಿಳಿದಿದ್ದಳು. ಆಯುಧಪೂಜೆ ಮುಗಿದು ತಿಂಗಳ ಮೇಲಾಗಿತ್ತು. ಬಿಳೀ ಕಾರಿನ ಮುಂದೆ ಆ ಹಬ್ಬದ ಹೂವು ಒಣಗಿ ಬರೀ ದಾರ ಉಳಿದಿತ್ತು. ಪಿಕಪ್ಪಿಗೆ ಮಾತ್ರ ಹೊಸ ಸೇವಂತಿಗೆ ಹಾರ, ಬಾನೆಟ್ ತುಂಬ ಕುಂಕುಮ, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು, ಗೇಟಿನ ಬಳಿ ಒಡೆದ ಬೂದುಗುಂಬಳದ ಹೋಳು. ಹಾರ ಎರಡೂ ಕಡೆ ಸಮನಾಗಿ ಇಳಿಬಿದ್ದಿರಲಿಲ್ಲ. ಎಡಗಡೆಯ ಲೈಟಿನ ಮೇಲೆ ಒತ್ತಾಗಿ ಸುತ್ತಿತ್ತು.

“ಏನಜ್ಜಿ, ಗಾಡಿ ಹೊಸದಾ?”

“ಎಲ್ಲಿ ಒಸದು ಕಣವ್ವ. ಮೊನ್ನೆ ನಾಯಿ ಅಡ್ಡ ಬಂತಂತೆ. ಮಗ ಬೆಳಗಾಗೋವರ್ಗೂ ಕಣ್ ಮುಚ್ಲಿಲ್ಲ. ದೃಷ್ಟಿ ಆಗೈತೆ ಅಂತ ನಾನೇ ಕುಂಬಳ್ಕಾಯಿ ಒಡೆಸ್ದೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಅನ್ನುವ ಮೊದಲೇ ಕುಂಬಳಕಾಯಿ ಒಡೆದಾಗಿತ್ತು. ಭಾಗ್ಯಶ್ರೀ ಹಾರ ಸರಿಸಿ ನೋಡಿದಳು. ಎಡಗಡೆಯ ಇಂಡಿಕೇಟರ್ ಒಡೆದಿತ್ತು. ಅವಳು ಇನ್‌ಸ್ಪೆಕ್ಟರನ್ನು ಕರೆಯಲಿಲ್ಲ, ಸುಮ್ಮನೆ ಅವರತ್ತ ನೋಡಿದಳು.

ನೆರೆಯ ಇಬ್ಬರನ್ನು ಪಂಚರಾಗಿ ಕರೆಸಿದರು. ಠಾಣೆಯಿಂದ ಸೀಲ್ ಮಾಡಿದ ಕವರು ತರಿಸಿ, ಅದರಲ್ಲಿದ್ದ ಕಿತ್ತಳೆ ತುಂಡನ್ನು ಒಡೆದ ಜಾಗಕ್ಕೆ ಹಿಡಿದರು. ಸರಿಯಾಗಿ ಕೂತಿತು. ಪಿಕಪ್ ಜಪ್ತಿಯಾಯಿತು. ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಮುನಿಆಂಜಿನಪ್ಪನನ್ನು ದಸ್ತಗಿರಿ ಮಾಡಿ, ಹೆಂಡತಿಗೆ ವಿಷಯ ತಿಳಿಸಿ ರುಜು ಪಡೆದರು. ಅವನು ಎದುರಾಡಲಿಲ್ಲ. ಜೀಪು ಹತ್ತುವಾಗ ಮಗನ ಹೆಗಲಿಗೆ ಕೈ ಹಾಕಲು ಹೋಗಿ, ಹಾಕದೆ ಕೈ ಹಿಂದಕ್ಕೆ ತೆಗೆದುಕೊಂಡ. ಗೋಪಾಲಮ್ಮನಿಗೆ ಏನಾಗುತ್ತಿದೆ ಎಂದು ಯಾರೂ ಹೇಳುವ ಧೈರ್ಯ ಮಾಡಲಿಲ್ಲ.

ಹೇಳಿಕೆಯನ್ನು ಮೂರು ಗಂಟೆಗೆ ಬರೆದುಕೊಂಡರು. ಮುನಿಆಂಜಿನಪ್ಪ ಇಪ್ಪತ್ತು ವರ್ಷದಿಂದ ನಸುಕಿನಲ್ಲಿ ಯಶವಂತಪುರಕ್ಕೆ ಹೋಗುವವನು. ಹೆದ್ದಾರಿಯಲ್ಲಿ ರಾತ್ರಿ ಗಾಡಿಯಿಂದ ಬಿದ್ದು ಸತ್ತ ಹುಡುಗರನ್ನು ಬೆಳಗಿಗೆ ಮೊದಲು ನೋಡುವವರು ತರಕಾರಿ ಗಾಡಿಯವರೇ. ಎಷ್ಟು ಜನರ ಮೇಲೆ ತನ್ನ ಗೋಣಿಚೀಲ ಹೊದಿಸಿ ಬಂದಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಮಗ ಸ್ಟೇರಿಂಗ್ ಹಿಡಿದ ದಿನದಿಂದ ಆ ಗೋಣಿಚೀಲಗಳ ಕೆಳಗೆಲ್ಲ ಅವನಿಗೆ ಒಂದೇ ಮುಖ ಕಾಣುತ್ತಿತ್ತು.

ಬುಧವಾರ ಸಂಜೆ ಫೋನ್ ಗಂಟೆ ಬಾರಿಸಿತು. ಎಂಬತ್ತನಾಲ್ಕು. ಆಮೇಲೆ ಚುಕ್ಕಿ ಕೋಗಿಲು ಕ್ರಾಸಿನಲ್ಲಿ ನಿಂತೇಬಿಟ್ಟಿತು. ಮಗ ಫೋನ್ ಎತ್ತಲಿಲ್ಲ. ಒಂದಲ್ಲ, ಹನ್ನೊಂದು ಸಲ. ಅಪ್ಪ ಪಿಕಪ್ ಹತ್ತಿ ಆ ಚುಕ್ಕಿಯ ಕಡೆ ಹೊರಟ.

“ಓಗೇಬಿಟ್ಟ ಅನ್ಕೊಂಡೆ ಸಾರ್. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸ್ಟೇರಿಂಗು. ಚುಕ್ಕೀನೇ ನೋಡ್ತಿದ್ದೆ, ರಸ್ತೆ ನೋಡ್ಲಿಲ್ಲ. ಆಯಮ್ಮಂಗೆ ತಗುಲಿದ್ದು ಗೊತ್ತಾಯ್ತು. ನಿಂತ್ರೆ ನನ್ ಮಗ ಸಾಯ್ತಾನೆ ಅನ್ನುಸ್ತು.”

“ಅಲ್ಲಿಗೆ ಹೋದ್ಮೇಲೆ?”

“ಗೋಬಿ ತಿಂತಾ ನಗ್ತಿದ್ದ ಸಾರ್. ದೂರದಿಂದ ನೋಡ್ದೆ. ಇಳೀಲಿಲ್ಲ.”

“ವಾಪಸ್ ಬರುವಾಗ ಆಕೇನ ನೋಡ್ಬಹುದಿತ್ತು.”

ಹೆದರಿ ಹಳ್ಳಿ ರಸ್ತೆ ಹಿಡಿದು ಮನೆಗೆ ಬಂದೆ ಎಂದ. ದಾರಿಯ ಬೇರೆಯವರು ಯಾರಾದರೂ ಎತ್ತಿರುತ್ತಾರೆ ಎಂದು ತನಗೇ ಹೇಳಿಕೊಂಡಿದ್ದ. ಊಟದ ತಟ್ಟೆಯ ಮುಂದೆ ಕೂತು ಫೋನ್ ನೋಡುತ್ತಿದ್ದಾಗ ಮಗನ ಚುಕ್ಕಿ ಸಿಂಗನಾಯಕನಹಳ್ಳಿಗೆ ಬಂತು.

“ನಾನು ಬಿಟ್ಬಂದ ಜಾಗದಲ್ಲೇ ನಿಂತ್ಕೊಂತು ಸಾರ್. ಅದೇ ಮೋರಿ. ಕೈಲಿದ್ದ ತುತ್ತು ಬಾಯಿಗೆ ಓಗ್ಲಿಲ್ಲ.”

ಸೋಮನಾಥ ಬರೆಯುವುದನ್ನು ನಿಲ್ಲಿಸಿ ಅವನಿಗೆ ಟೀ ತರಿಸಿದರು. ಕಲಂಗಳು ಜಾಮೀನು ಸಿಗುವಂಥವೇ. ಸಂಜೆಯೊಳಗೆ ಮನೆಗೆ ಹೋಗಬಹುದಿತ್ತು. ಕೋರ್ಟು, ಲೈಸೆನ್ಸು, ಪಂಚಪ್ಪನ ಮುಖ ನೋಡುವುದು, ಇವೆಲ್ಲ ಆಮೇಲಿನವು. ಪಂಚಪ್ಪನಿಗೆ ಭಾಗ್ಯಶ್ರೀ ಫೋನ್ ಮಾಡಿ, ಎತ್ತಿದ ಹುಡುಗ ಗುದ್ದಿದವನಲ್ಲ ಎಂದು ಬಿಡಿಸಿ ಹೇಳಿದ್ದಳು.

ನಾಲ್ಕು ಗಂಟೆಗೆ ಜಪ್ತಿ ಮಾಡಿದ ಫೋನನ್ನು ಕವರಿಗೆ ಹಾಕುವ ಮುನ್ನ ಅದು ಟೇಬಲ್ ಮೇಲೆ ಗುಂಯ್‌ಗುಟ್ಟಿತು. ಮುನಿಆಂಜಿನಪ್ಪನ ಕತ್ತು ತಾನಾಗಿ ಎದ್ದಿತು.

“ಎಲ್ಲವ್ನೆ ಸಾರ್?”

ಸೋಮನಾಥ ಫೋನನ್ನು ಅವನ ಕಡೆ ತಿರುಗಿಸಿದರು. ನೀಲಿ ಚುಕ್ಕಿ ಯಲಹಂಕದ ಆಸ್ಪತ್ರೆಯ ಮುಂದೆ ನಿಂತಿತ್ತು. ದಾರಿಯುದ್ದಕ್ಕೂ ವೇಗ ನಲವತ್ತು ದಾಟಿರಲಿಲ್ಲ.

“ಯಾಕೆ ನಿಂತಿದೀಯ ಅಂತ ಕೇಳ್ಬೇಕಾ?”

ಮುನಿಆಂಜಿನಪ್ಪ ತಲೆಯಾಡಿಸಿದ.

“ಬ್ಯಾಡಿ ಸಾರ್. ನಿಲ್ಲೋದು ಅವ್ನಿಗೆ ಗೊತ್ತು. ನಂಗೇ ಗೊತ್ತಾಗ್ಲಿಲ್ಲ.”

ಭಾಗ್ಯಶ್ರೀ ಫೋನ್ ಆಫ್ ಮಾಡಿ ಕವರಿಗೆ ಹಾಕಿದಳು.