ಬೆಳಕಿಂಡಿಯ ಕೊನೆಯ ಬೊಗಸೆ

"ಯಾರ್ರೀ ಅದು? ಇಳೀರಿ ಮೊದ್ಲು ಕೆಳಕ್ಕೆ!"

ಏಣಿಯ ತುದಿಯಲ್ಲಿ ನಿಂತು ಉಚ್ಚಂಗಮ್ಮ ಕೂಗಿದಳು. ಶಾಲೆಯಲ್ಲಿ ಪಾಠ ಮುಗಿಸಿ ಬಂದರೆ, ತನ್ನ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಅಪರಿಚಿತನೊಬ್ಬ ಬೋರಲು ಮಲಗಿ ಕಿವಿಯನ್ನು ಮಣ್ಣಿಗೆ ಒತ್ತಿಕೊಂಡಿದ್ದಾನೆ!

"ಒಂದು ಗಳಿಗೆ ಸುಮ್ಕಿರ್ರಿ. ಮಾಳಿಗೆ ಏನೋ ಹೇಳ್ತೈತೆ" ಅಂದ ಆತ, ತಲೆಯನ್ನೂ ಎತ್ತದೆ. ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿದ. "ಇಲ್ಲಿ ಟೊಳ್ಳೈತೆ. ಹೋದ ಮಳೇಲಿ ಅಡಿಗೆಮನೆ ಮೂಲೇಲಿ ಸೋರಿತ್ತಲ್ವ? ಗೋಡೆ ಪಕ್ಕದಾಗೆ?"

ಉಚ್ಚಂಗಮ್ಮ ಬೆರಗಾದಳು. ಮನೆಯೊಳಗೆ ಕಾಲೇ ಇಡದವನಿಗೆ ಹೇಗೆ ಗೊತ್ತಾಯಿತು? ರಾಗಿ ಗುಡಾಣ ನೆನೆದು ಹೋಗಿದ್ದು ಅದೇ ಮೂಲೆಯಲ್ಲಿ!

ಆತ ಚಿತ್ತಯ್ಯ. ಶ್ರೀರಾಂಪುರದವನು, ಮಾಳಿಗೆ ಕೆಲಸದಲ್ಲಿ ಪಳಗಿದ ಕೈ. ಸೋದರತ್ತೆ ನಿಂಗಕ್ಕ ಹೇಳಿ ಕಳಿಸಿದ್ದಳು. ಅಪ್ಪ ಇದ್ದಾಗ ವರ್ಷಾವರ್ಷ ಅವರೇ ಮಾಳಿಗೆ ಗುಡಿಸಿ, ನೀರು ಇಳಿಸದ ಬಿಳಿ ಕರ್ಲು ಮಣ್ಣು ಹಾಕುತ್ತಿದ್ದರು. ಆಗೆಲ್ಲ ಉಚ್ಚಂಗಮ್ಮ ದುರ್ಗದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಅಪ್ಪ ಹೋದ ಮೇಲೆ ಕರೆಸಿದ ಕೆಲಸದವರು ಹೇಗ್ಹೇಗೋ ಮೆತ್ತಿ ಹೋದರು, ಮನೆಯೆಲ್ಲ ಸೋರಿತು. 'ಕೆಡವಿ ಆರ್‌ಸಿಸಿ ಹಾಕಿಸು' ಎಂದು ಭರಮಸಾಗರದ ಅರ್ಧ ಊರೇ ಹೇಳಿತ್ತು. ಅಪ್ಪನ ಮಾಳಿಗೆಯನ್ನು ಕೆಡವುವುದೇ? ಅವಳು ಸುತರಾಂ ಒಪ್ಪಿರಲಿಲ್ಲ.

ಮೊದಲ ದಿನ ಆತ ಹುಲ್ಲು ಕಿತ್ತು, ಸತ್ತ ಮಣ್ಣನ್ನು ಕೆರೆದು ತೆಗೆದ. ಎರಡನೆಯ ದಿನ ಕೆರೆಯಂಚಿನಿಂದ ಗಾಡಿಯಲ್ಲಿ ಕರ್ಲು ಮಣ್ಣು ತಂದ. ಚಿಟಿಕೆ ಮಣ್ಣು ನಾಲಿಗೆ ಮೇಲಿಟ್ಟು ಕಣ್ಣು ಮುಚ್ಚಿದ.

"ಅಯ್ಯೋ, ಮಣ್ಣು ತಿಂತೀರಾ!"

"ಉಪ್ಪು ಹತ್ತಿದ್ರೆ ನೀರು ಇಳಿಯಲ್ಲ ಟೀಚರಮ್ಮ. ನೋಡ್ರಿ, ನೀವೂ."

ಅವಳೂ ನಾಲಿಗೆಗೆ ಸೋಕಿಸಿಕೊಂಡಳು! ಮಕ್ಕಳಿಗೆ ಶಿಸ್ತು ಕಲಿಸುವ ಟೀಚರು ಮಾಳಿಗೆ ಮೇಲೆ ನಿಂತು ಮಣ್ಣು ತಿಂದ ಸುದ್ದಿ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು.

ಮೂರನೆಯ ದಿನದಿಂದ ಮಾತೆಲ್ಲ ಬೆಳಕಿಂಡಿಯಲ್ಲೇ. ಅಡಿಗೆಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಬಿಟ್ಟ ಆ ಮೊಳದಗಲದ ಕಿಂಡಿಯಲ್ಲಿ, ನೀಲಿ ಆಕಾಶದ ನಡುವೆ ಆತನ ಮುಖ ಕಾಣುತ್ತಿತ್ತು. ಮಣ್ಣು ಬಡಿಯುವ ಕೊಡತಿಯ ಪೆಟ್ಟು ಧಪ್ ಧಪ್ ಎಂದು ಒಂದೇ ಲಯದಲ್ಲಿ ಬೀಳುತ್ತಿದ್ದರೆ ಉಚ್ಚಂಗಮ್ಮನ ರೊಟ್ಟಿ ತಟ್ಟುವ ಕೈ ತಾನಾಗಿ ಅದೇ ಲಯ ಹಿಡಿಯುತ್ತಿತ್ತು.

'ಇದೇನಾಗಿದೆ ನನಗೆ...' ಎಂದು ಅವಳು ತನ್ನನ್ನೇ ಗದರಿಕೊಂಡಳು.

ಐದನೆಯ ದಿನ ಮಾಳಿಗೆ ನುಣ್ಣಗೆ, ಬೆಳ್ಳಗೆ ಹೊಳೆಯುತ್ತಿತ್ತು. ಉಳಿದದ್ದು ಬೆಳಕಿಂಡಿಯ ಸುತ್ತ ಒಂದು ಗೇಣು.

"ಚಿತ್ತಯ್ಯನೋರೆ, ಆ ಕಿಂಡಿ ಸುತ್ತ ನಿಮ್ಮ ಕೈಯಾರೆ ಮೆತ್ತಿಬಿಡಿ. ಬೇರೆಯವರ ಕೈ ಬೇಡ" ಅಂದಳು ಕೆಳಗಿನಿಂದ.

ಕೊಡತಿ ನಿಂತಿತು. ಆಕಾಶದ ನಡುವಿನ ಮುಖ ಅವಳನ್ನೇ ನೋಡಿತು.

"ನಿಜವಾಗ್ಲೂ ಹೇಳ್ತಿದೀರಾ?"

"ಇನ್ನೇನು ತಮಾಷೆಗಾ?"

ಆತ ಇಳಿದು ಬಂದ. ಕೈಗಂಟಿದ ಮಣ್ಣನ್ನೂ ತೊಳೆಯಲಿಲ್ಲ. "ಬರ್ತೀನಿ" ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ಹೊರಟೇ ಹೋದ.

ಒಂದು ದಿನವಾಯಿತು, ಮೂರಾಯಿತು, ಆರಾಯಿತು. ಚಿತ್ತಯ್ಯನ ಸುಳಿವಿಲ್ಲ! ಮುಂಗಾರಿನ ಮೋಡ ಕಟ್ಟತೊಡಗಿತು.

"ಇವ್ನೂ ಆ ಹಿಂದಿನ ಕೆಲಸದೋರ ಹಾಗೇ! ಅರ್ಧಕ್ಕೆ ಬಿಟ್ಟು ಹೋದ!" ಉಚ್ಚಂಗಮ್ಮನ ಕಣ್ಣು ತುಂಬಿತು. ನೋವು ಮಾಳಿಗೆಗಾಗಿ ಮಾತ್ರ ಅಲ್ಲ ಎಂದು ಅವಳಿಗೂ ಗೊತ್ತಿತ್ತು. "ಕಿಂಡಿ ಸುತ್ತ ನೀವೇ ಮೆತ್ತಿ ಅಂತ ಬಾಯಿಬಿಟ್ಟು ಹೇಳಿದ್ದೆ ಅತ್ತೆ!"

ಪಕ್ಕದಲ್ಲಿ ರಾಗಿ ಕೇರುತ್ತಿದ್ದ ನಿಂಗಕ್ಕನ ಕೈಯಿಂದ ಮೊರ ಜಾರಿತು.

"ಅವನಿಗೇ ಹಾಕು ಅಂದ್ಯೇನೇ? ಅಯ್ಯೋ ಹುಚ್ಚಿ! ಬೆಳಕಿಂಡಿ ಸುತ್ತ ಕೊನೇ ಬೊಗಸೆ ಮಣ್ಣು ಆ ಮನೇಲಿ ಬಾಳೋರೇ ಹಾಕ್ಬೇಕು ಕಣೆ. ನಿಮ್ಮಪ್ಪ ಹಾಕ್ತಿದ್ದ. ಈಗ ನೀನು ಹಾಕ್ಬೇಕಿತ್ತು. ಪರಗಂಡಸಿಗೆ ಹಾಕು ಅಂದ್ರೆ... ಈ ಮನೇಲಿ ನನ್ ಜೊತೆ ಬಾಳು ಅಂತ ಕರೆದಂಗೆ!"

ಉಚ್ಚಂಗಮ್ಮನ ಮುಖ ಕೆಂಪೇರಿತು. ದೇವರೇ! ತಾನೇ ಬಾಯಾರೆ... ಅದಕ್ಕೇ ಆತ ಕೈಯನ್ನೂ ತೊಳೆಯದೆ ಹೊರಟನೇ? ಹೆದರಿ ಓಡಿಹೋದನೇ?

"ಈಗ ನೀನೇ ಹಾಕಿಬಿಡು. ಬೇಡ ಅಂದಂಗಾಯ್ತು, ಅವನೂ ತಿಳ್ಕಂತಾನೆ" ಅಂದಳು ನಿಂಗಕ್ಕ.

ಅವಳು ಏಣಿ ಹತ್ತಿದಳು. ಕಿಂಡಿಯ ಪಕ್ಕ ಒಂದು ಗೋಣಿಚೀಲ. ಒಳಗೆ ಜರಡಿ ಹಿಡಿದ ಮಣ್ಣು, ಅದರ ಮೇಲೆ ಆತನ ಕೊಡತಿ! ಕೆಲಸಗಾರ ತನ್ನ ಕೊಡತಿಯನ್ನು ಬಿಟ್ಟು ಓಡಿಹೋಗುತ್ತಾನೆಯೇ?

ಬೊಗಸೆ ತುಂಬ ಮಣ್ಣು ಹಿಡಿದು ಕೂತಳು. ಗುಡುಗಿತು. ಮೊದಲ ಹನಿ ಕೈ ಮೇಲೆ ಬಿತ್ತು. ಮೆತ್ತದಿದ್ದರೆ ಅಪ್ಪನ ಮನೆ ಸೋರುತ್ತದೆ. ಮೆತ್ತಿದರೆ ಆತನಿಗೆ 'ಬೇಡ' ಎಂದಂತೆ. ಅವಳ ಕೈ ಏಳಲಿಲ್ಲ.

"ಟೀಚರಮ್ಮಾ!"

ಬಗ್ಗಿ ನೋಡಿದಳು. ಕೆಳಗೆ ಅಡಿಗೆಮನೆಯಲ್ಲಿ ಚಿತ್ತಯ್ಯ! ಓಡಿ ಬಂದು ಏದುಸಿರು ಬಿಡುತ್ತ ಬೆಳಕಿಂಡಿಯಲ್ಲಿ ಮುಖ ಎತ್ತಿ ನಿಂತಿದ್ದ. ಬಾಗಿಲಲ್ಲಿ ಆತನ ತಾಯಿ ಪುಟ್ಟಕ್ಕ.

"ಅವ್ವನಿಗೆ ಜ್ವರ ಇತ್ತು. ಹೆಣ್ಣು ಕೇಳಾಕೆ ಅವ್ಳನ್ನ ಕರ್ಕಂಬರದೆ ಹೆಂಗ್ ಬರ್ಲಿ?" ಆಗ ಅವಳ ಬೊಗಸೆಯ ಮಣ್ಣು ಕಂಡಿತು. ದನಿ ಕುಗ್ಗಿತು. "ನೀವೇ... ಹಾಕ್ತಿದೀರಾ?"

"ಅವತ್ತು ನನಗೆ ಶಾಸ್ತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅಂದಿದ್ದೆ."

ಆತ ತಲೆ ತಗ್ಗಿಸಿದ. ಮಳೆ ಜೋರಾಯಿತು.

"ಚಿತ್ತಯ್ಯನೋರೆ, ಮೇಲೆ ನೋಡ್ರಿ! ಇವತ್ತು ಗೊತ್ತಿದ್ದೇ ಹೇಳ್ತಿದೀನಿ. ಬೇಗ ಬರ್ರಿ, ಅರ್ಧ ಬೊಗಸೆ ನಂದು, ಅರ್ಧ ನಿಮ್ದು."

ಆತ ಏಣಿ ಹತ್ತಿದನೋ ಹಾರಿದನೋ! ಖಾಲಿ ಮಾಡಿದ ಗೋಣಿಚೀಲವನ್ನು ತಲೆಯ ಮೇಲೆ ಮರೆಮಾಡಿಕೊಂಡು ನಾಲ್ಕು ಕೈಗಳು ಮಣ್ಣು ಮೆತ್ತಿದವು, ತಟ್ಟಿದವು, ಕಿಂಡಿಗೆ ಚಪ್ಪಡಿ ಎಳೆದವು.

ಕೆಳಗೆ ಬಂದಾಗ ಹೊರಗೆ ಆಕಾಶವೇ ಕಳಚಿ ಬೀಳುತ್ತಿತ್ತು. ಒಳಗೆ ನಾಲ್ವರೂ ಉಸಿರು ಬಿಗಿಹಿಡಿದು ಮೇಲೆ ನೋಡುತ್ತ ನಿಂತರು. ಇಷ್ಟು ನೀರು ಮೇಲೆ ಸುರಿಯುತ್ತಿದೆ, ಅಂಗೈ ದಪ್ಪದ ಮಣ್ಣು ತಡೆದು ನಿಂತಿದೆ! ಗೋಡೆ ಮೂಲೆಯ ರಾಗಿ ಗುಡಾಣದ ಮೇಲೂ ಒಂದು ಹನಿ ಇಲ್ಲ. ಉಚ್ಚಂಗಮ್ಮನ ಮೈ ಜುಂ ಎಂದಿತು. ಅಪ್ಪ ಇದ್ದಿದ್ದರೆ ಎಂದುಕೊಂಡಳು.

"ವರ್ಷಾವರ್ಷ ಮಣ್ಣು ಹಾಕ್ಲೇಬೇಕು ಮತ್ತೆ. ಒಂದ್ಸಾರಿ ಹಾಕಿದ್ರೆ ಮುಗೀತು ಅನ್ನಂಗಿಲ್ಲ" ಅಂದ ಚಿತ್ತಯ್ಯ ಮೆಲ್ಲಗೆ.

"ಬರೋ ವರ್ಷ ಶ್ರೀರಾಂಪುರಕ್ಕೆ ಹೇಳಿ ಕಳಿಸ್ಬೇಕಾ?"

"ಬ್ಯಾಡ ಉಚ್ಚಂಗಿ" ಅಂದ ಆತ, ಮೊದಲ ಸಲ ಹೆಸರು ಹಿಡಿದು. "ಇಲ್ಲೇ ನಿಂತು ಒಂದ್ ಕೂಗು ಹಾಕು, ಸಾಕು."