ಅಕ್ಕನ ಸಿಟ್ಟು ತಂದ ಚಂಪವ್ವ

ಬಹಳ ಹಿಂದೆ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು ಇದ್ದ ಹಿರಿಗೋಡು ಎಂಬ ರಾಜ್ಯವಿತ್ತು. ಅಲ್ಲಿ ಜಗಳವೇ ಇರಲಿಲ್ಲ. ದಣಿದೆ ಅನ್ನುವವರಿಲ್ಲ, ಹಸಿದೆ ಅನ್ನುವವರಿಲ್ಲ, ಯಾಕೆ ಅಂತ ಕೇಳುವವರಿಲ್ಲ. ಪರದೇಶದವರು ಬಂದು ನೋಡಿ ಆಹಾ ಎಂಥ ಜನ ಅನ್ನುತ್ತಿದ್ದರು. ಏನು ಆಹಾ, ಮಣ್ಣು! ಯಾಕೆ ಹಾಗಿತ್ತು ಅಂತ ಹೇಳುತ್ತೇನೆ, ಕೇಳಿ.

ಹೊಸದಾಗಿ ಮದುವೆಯಾದ ಜೋಡಿ ಮುಗಿಲಗುಡ್ಡ ಹತ್ತಬೇಕು. ಆಚೆ ಮಗ್ಗುಲಿಗೆ ಇಳಿದು ಕಡಲ ದಂಡೆಯ ಗರಿ ಗುಡಿಸಲಲ್ಲಿ ಏಳು ದಿನ ಇರಬೇಕು. ಏಳನೇ ದಿನ ಮುಗಿಲಯ್ಯ ಸ್ವಾಮಿಯ ಕೈಯಿಂದ ಜೇನು ನೆಕ್ಕಿ ಊರಿಗೆ ಮರಳಬೇಕು. ಇದು ದೊರೆಯ ಕಟ್ಟಳೆ. ಜನ ಇದಕ್ಕೆ ಜೇನುಪಯಣ ಅನ್ನುತ್ತಿದ್ದರು.

ಚಂಪವ್ವನ ಅಕ್ಕ ದ್ಯಾಮಕ್ಕ ಐದು ವರ್ಷದ ಹಿಂದೆ ಗಂಡನ ಜೊತೆ ಹೋಗಿ ಬಂದಿದ್ದಳು. ಹೋಗುವ ಮೊದಲು ಅವಳ ಬಾಯಿಗೆ ಊರಗೌಡನೇ ಹೆದರುತ್ತಿದ್ದ. ಬಂದ ಮೇಲೆ ಅರಮನೆಯವರು ಅವಳನ್ನೂ ಅವಳ ಗಂಡನನ್ನೂ ಎತ್ತಿನ ಬದಲು ಎಣ್ಣೆ ಗಾಣಕ್ಕೆ ಹೂಡಿ, ಸಾಯದಷ್ಟು ಹಿಂಡಿ ಬಾಯಿಗೆ ತುರುಕುತ್ತಿದ್ದರು. ಹೆಗಲು ಕಿತ್ತು ರಕ್ತ ಸುರಿದರೂ "ಏನೂ ಇಲ್ಲ ತಂಗಿ" ಅಂತ ನಗುತ್ತಿದ್ದಳು. ಆ ನಗು ನೋಡಿದಾಗಲೆಲ್ಲ ಚಂಪವ್ವನಿಗೆ ಮೈ ಉರಿಯುತ್ತಿತ್ತು. "ಸುಮ್ಮನಿರೇ, ಅವಳೇ ನಗುತ್ತಿದ್ದಾಳೆ, ನಿನಗೇನು?" ಅನ್ನುತ್ತಿದ್ದಳು ಅವ್ವ.

ಈಗ ಚಂಪವ್ವನ ಸರದಿ. ಗಂಡ ಕರಿಬಸ ಹಗ್ಗ ಹೊಸೆಯುವವನು. ಒಳ್ಳೆಯವನು, ಅತಿ ಒಳ್ಳೆಯವನು, ಅದೇ ಗೋಳು. ತಾನು ಹೊಸೆದ ಹಗ್ಗವನ್ನು ಇಬ್ಬರ ನಡುವಿಗೂ ಕಟ್ಟಿ ಗುಡ್ಡ ಹತ್ತಿಸಿದ.

"ನಮ್ಮಕ್ಕನ ಸಿಟ್ಟು ಯಾವನು ಕಿತ್ತುಕೊಂಡನೋ ಅವನಿಂದ ಬಿಡಿಸಿಕೊಂಡೇ ನಾನು ಊರಿಗೆ ಬರೋದು" ಅಂದಳು ಚಂಪವ್ವ.

"ಮೆಲ್ಲಗೆ ಮಾತಾಡು, ಯಾರಾದರೂ ಕೇಳಿಸಿಕೊಂಡಾರು" ಅಂದ ಕರಿಬಸ.

ಅರ್ಧ ಗುಡ್ಡದಲ್ಲಿ ಒಂದು ಬಿಳಿ ಕರಡಿ ದಾರಿಗಡ್ಡ ಕೂತಿತ್ತು. "ದಣಿವಾಯಿತೇನಪ್ಪಾ?" ಅಂತ ಅಕ್ಕರೆಯಿಂದ ಕೇಳಿತು.

ಕರಿಬಸನ ಕಾಲು ನಡುಗುತ್ತಿದ್ದವು. ಆದರೂ ಕೇಳಿದವರಿಗೆ ಕಷ್ಟ ಕೊಡಬಾರದಲ್ಲ! "ಛೆ, ದಣಿವೆಲ್ಲಿ ಬಂತು, ಏನೂ ಇಲ್ಲ" ಅಂದ.

"ಇಲ್ಲ ಅಂದವರಿಗೆ ಇಲ್ಲ. ಇದು ಈ ಗುಡ್ಡದ ಕಟ್ಟು. ಇದಕ್ಕೆ ತಪ್ಪಿದವರು ಯಾರೂ ಇಲ್ಲ" ಅಂದಿತು ಕರಡಿ. ಕರಿಬಸನ ಎದೆಯಿಂದ ಒಂದು ಕಿಡಿ ಹಾರಿ ಗುಡ್ಡದ ತುದಿಯತ್ತ ಹೋಯಿತು. ಆಮೇಲೆ ಅವನು ಕೂರಲೇ ಇಲ್ಲ. ಅಂಗಾಲು ಒಡೆದರೂ ನಡೆದೇ ನಡೆದ.

ಚಂಪವ್ವನಿಗೆ ಅಕ್ಕನ ಹೆಗಲು ನೆನಪಾಯಿತು. ಕರಡಿ ಅವಳತ್ತ ತಿರುಗಿ ಕೇಳುವ ಮೊದಲೇ, "ಆಯಿತು ಮಾರಾಯಾ, ಕಾಲು ಬಿದ್ದುಹೋಗಿವೆ. ಕೇಳಿದ ಮೇಲೆ ಹೊತ್ತುಕೊಂಡು ನಡಿ" ಅಂದಳು. ಮುನ್ನೂರು ವರ್ಷದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಕರಡಿ ತಬ್ಬಿಬ್ಬಾಗಿ ಬೆನ್ನು ಕೊಟ್ಟಿತು.

ತುದಿಯಲ್ಲಿ ಹಿಮದ ನಡುವೆ ಒಂದು ಒಲೆ ಸೌದೆಯಿಲ್ಲದೆ ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ಒಂದು ಹದ್ದು ಕೂತಿತ್ತು. "ಹಸಿವಾಗಿದೆಯೇನಪ್ಪಾ?" ಅಂತ ಕೇಳಿತು.

ಚಂಪವ್ವ ಗಂಡನನ್ನು ಚಿವುಟಿದಳು. ಎಷ್ಟು ಚಿವುಟಿದರೇನು, ಹುಟ್ಟುಗುಣ ಸುಟ್ಟರೂ ಹೋದೀತೇ? "ಬೇಡ ಬೇಡ, ಈಗಷ್ಟೇ ಊಟ ಆಯಿತು, ಹಸಿವೇ ಇಲ್ಲ" ಅಂದೇಬಿಟ್ಟ.

"ಇಲ್ಲ ಅಂದವರಿಗೆ ಇಲ್ಲ" ಅಂದಿತು ಹದ್ದು. ಇನ್ನೊಂದು ಕಿಡಿ ಹಾರಿ ಒಲೆಗೆ ಬಿತ್ತು.

"ನಿನ್ನೆಯಿಂದ ನಮಗಿಬ್ಬರಿಗೂ ಕೂಳಿಲ್ಲ, ಹೊಟ್ಟೆ ತಾಳ ಹಾಕುತ್ತಿದೆ" ಅಂದಳು ಚಂಪವ್ವ. ಅವಳ ಮುಂದೆ ಬಿಸಿ ಮುದ್ದೆ ಬಂತು. ಅವಳು ಉಂಡಳು. ಕರಿಬಸ ಒಂದು ತುತ್ತೂ ಮುಟ್ಟಲಿಲ್ಲ.

ಕಡಲ ದಂಡೆಗೆ ಇಳಿದರು. ಅಲ್ಲಿ ನಲವತ್ತು ಜೋಡಿಗಳಿದ್ದವು. ಯಾರೂ ಮಲಗುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ, ಅಲೆ ನೋಡುತ್ತ ನಿಂತಿರುತ್ತಿದ್ದರು. ಕರಿಬಸ ತೆಂಗಿನ ನಾರು ಹಿಡಿದು ಹಗ್ಗ ಹೊಸೆಯುತ್ತಲೇ ಇದ್ದ. ಐದನೇ ದಿನಕ್ಕೆ ಒಣಮೀನಿನ ಹಾಗಾದ.

"ನಿಮ್ಮ ಮರ್ಯಾದೆಗೆ ಬೆಂಕಿ ಬೀಳಲಿ" ಅಂದಳು ಚಂಪವ್ವ. "ಸಾಯುತ್ತಿದ್ದೀರಿ, ಗೊತ್ತಾಗುತ್ತದೆಯೇ? ನಾಳಿದ್ದು ಸಿಟ್ಟು ಕೇಳುತ್ತಾರಂತೆ, ಹೊತ್ತು ತರುವಾಗ ಕರಡಿ ಹೇಳಿತು. ಅಲ್ಲಿ ಹೆಂಡತಿ ಪರವಾಗಿ ಗಂಡನೇ ಹೇಳಬೇಕಂತೆ. ಅಲ್ಲೂ ಇಲ್ಲ ಅಂದರೆ ನಮ್ಮಕ್ಕನ ಪಕ್ಕದಲ್ಲಿ ನನಗೂ ಒಂದು ನೊಗ ಸಿದ್ಧವಾಗಿರುತ್ತದೆ."

ಕರಿಬಸ ಇನ್ನೊಂದು ಹಿಡಿ ನಾರು ಎತ್ತಿಕೊಂಡ.

ಏಳನೇ ದಿನ ಬೆಳಿಗ್ಗೆ ಕರಡಿ ಒಲೆ ಹೊತ್ತು ತಂದಿತು. ಹಿಂದೆ ಮುಗಿಲಯ್ಯ ಬಂದ. ಮುನ್ನೂರು ವರ್ಷದ ಮುದುಕ, ಕೆನ್ನೆ ಮಾತ್ರ ಎಳೆ ಮಗುವಿನದು. ಮರಳ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದ. "ನಿನಗೋ ನಿನ್ನ ಹೆಂಡತಿಗೋ ಸಿಟ್ಟಿದೆಯೇನಪ್ಪಾ?" "ಇಲ್ಲ ಸ್ವಾಮಿ." ಕಿಡಿ, ಒಲೆ, ಒಂದು ಬೆರಳು ಜೇನು. "ಇಲ್ಲ ಸ್ವಾಮಿ." ಕಿಡಿ, ಒಲೆ, ಜೇನು. ಹಾಗೇ ನಲವತ್ತೂ ಮುಗಿಯಿತು.

ಕೊನೆಗೆ ಕರಿಬಸನನ್ನು ಕೇಳಿದ. ಕರಿಬಸ "ಇಲ್" ಅನ್ನುವಷ್ಟರಲ್ಲಿ ಹೆಂಡತಿಯ ಮುಖ ನೋಡಿದ. ಬೆವರು ಒರೆಸಿಕೊಂಡ. "ಇದೆ ಸ್ವಾಮಿ. ಅವಳಿಗೆ ಬೇಕಾದಷ್ಟಿದೆ. ನನಗೂ ಈಗ ಬರುತ್ತಿದೆ" ಅಂದ. ಹುಟ್ಟಿದಂದಿನಿಂದ ಅವನು ಯಾರಿಗೂ ಎದುರು ಹೇಳಿದ್ದು ಅದೇ ಮೊದಲು.

ಚಂಪವ್ವ ಎದ್ದು ನಿಂತಳು. "ಸ್ವಾಮಿ, ಇಷ್ಟು ಜನರ ದಣಿವು, ಹಸಿವು, ಸಿಟ್ಟು ತುಂಬಿಕೊಂಡು ಒಲೆ ಮುಂದೆ ಬೆಚ್ಚಗೆ ಕೂತಿದ್ದೀರಿ. ಇದರಲ್ಲಿ ನಿಮ್ಮದೆಷ್ಟು?"

ನಲವತ್ತು ಜೋಡಿಗಳು ನೋಡುತ್ತಿದ್ದವು. ಅಷ್ಟು ಜನರೆದುರು ಸ್ವಾಮಿಯಾದವನು ಇದು ನನ್ನದು ಅನ್ನುವುದುಂಟೇ? ಮುಗಿಲಯ್ಯ ಕಣ್ಣು ಮುಚ್ಚಿ, ಕೈ ಎತ್ತಿ, ದನಿ ಮೆತ್ತಗೆ ಮಾಡಿಕೊಂಡು ಹೇಳಿದ: "ತಾಯಿ, ನಾನು ಎಲ್ಲ ಬಿಟ್ಟವನು. ಈ ಲೋಕದಲ್ಲಿ ನನ್ನದು ಅಂತ ಏನೂ ಇಲ್ಲ."

"ಇಲ್ಲ ಅಂದವರಿಗೆ ಇಲ್ಲ" ಅಂದಳು ಚಂಪವ್ವ.

ಒಲೆ ಬಾಯಿಬಿಟ್ಟಿತು. ಮುನ್ನೂರು ವರ್ಷದ ಕಿಡಿಗಳು ಎದ್ದು ಗುಡ್ಡ ದಾಟಿ ಮನೆಮನೆಗೆ ಹಾರಿದವು. ಮುಗಿಲಯ್ಯ ಕೂತಲ್ಲೇ ಬೂದಿಯಾದ. ಒಂದು ಅಲೆ ಬಂದು ಬೂದಿಯನ್ನು ಬಳಿದುಕೊಂಡು ಹೋಯಿತು. ಕರಿಬಸ ಮರಳ ಮೇಲೆ ದೊಪ್ಪನೆ ಬಿದ್ದು ಎರಡು ದಿನ ಗೊರಕೆ ಹೊಡೆದ. ಎದ್ದವನೇ, "ಉಣ್ಣೋಕೆ ಏನಿದೆ?" ಅಂದ. ಅವನು ಉಂಡದ್ದು ನೋಡಿ ಚಂಪವ್ವ ಮೊದಲ ಸಲ ನಕ್ಕಳು.

ಊರಿಗೆ ಬರುವಷ್ಟರಲ್ಲಿ ಜನ ಅರಮನೆಗೆ ನುಗ್ಗಿ ಆಗಿತ್ತು. ದೊರೆಯೇ ಗಾಣಕ್ಕೆ ಹೆಗಲು ಕೊಟ್ಟು ಏದುಸಿರು ಬಿಡುತ್ತಿದ್ದ.

ದ್ಯಾಮಕ್ಕ ಸೊಂಟಕ್ಕೆ ಕೈ ಇಟ್ಟು ಬೀದಿಯಲ್ಲೇ ನಿಂತಿದ್ದಳು. ಚಂಪವ್ವ ಅಕ್ಕಾ ಅಂತ ಓಡಿದಳು.

"ಅಲ್ಲೇ ನಿಲ್ಲು" ಅಂದಳು ದ್ಯಾಮಕ್ಕ. "ಐದು ವರ್ಷ ಹಬ್ಬಹಬ್ಬಕ್ಕೆ ಬಂದೆ. ನನ್ನ ಹೆಗಲು ನೋಡಿದೆ, ಹೋಳಿಗೆ ಕೊಟ್ಟೆ, ಕಣ್ಣೊರೆಸಿಕೊಂಡು ಹೋದೆ. ನಾನೇನೋ ನಗುತ್ತಿದ್ದೆ, ನನ್ನನ್ನು ಹಾಗೆ ಮಾಡಿದ್ದರು. ನಿನಗೆ ಸಿಟ್ಟಿತ್ತಲ್ಲೇ? ಒಂದು ದಿನವಾದರೂ ಆ ನೊಗ ಬಿಚ್ಚಲಿಕ್ಕೆ ನಿನಗೇನಾಗಿತ್ತು?"

ಏನೂ ಇಲ್ಲಕ್ಕ ಅನ್ನಬಹುದಿತ್ತು. ಚಂಪವ್ವ ಅನ್ನಲಿಲ್ಲ. "ಹೆದರಿಕೆ ಇತ್ತಕ್ಕ" ಅಂದಳು.

ದ್ಯಾಮಕ್ಕ ಸಂಜೆಯವರೆಗೂ ಬೈದಳು. ಬೈಯುತ್ತಲೇ ರೊಟ್ಟಿ ಬಡಿದಳು, ಬೈಯುತ್ತಲೇ ಬಡಿಸಿದಳು. ಚಂಪವ್ವ ಅಳುತ್ತ ಉಂಡಳು. ಅಂದಿನಿಂದ ಹಿರಿಗೋಡಿನಲ್ಲಿ ಮನೆಮನೆಯಲ್ಲೂ ಜಗಳ, ಮನೆಮನೆಯಲ್ಲೂ ಊಟ, ಕಣ್ತುಂಬ ನಿದ್ದೆ. ಎಲ್ಲರೂ ಸುಖವಾಗಿದ್ದಾರೆ.