ಎಡಗಾಲಿನ ನೀಲಿ

ಎಡಗಾಲೋ ಬಲಗಾಲೋ ಎಂದು ಬರೆಯದೆ ವೈದ್ಯರು ಕಳಿಸಿದ್ದ ಏಳನೆಯ ಚೀಟಿಯನ್ನು ಕಸ್ತೂರಿ ವಾಪಸ್ ಕಳಿಸಲೆಂದು ಪಕ್ಕಕ್ಕಿಡುತ್ತಿದ್ದಾಗ, ಪೆಟ್ಟುದರ್ಶಕ ಯಂತ್ರದ ಹಸಿರು ಬೆಳಕು ಯಾರದೋ ಮೊಣಕಾಲ ಕೆಳಗೆ ಹರಿದಾಡುತ್ತಿತ್ತು. ಚರ್ಮದಡಿ ನಿಂತ ರಕ್ತದ ಬಣ್ಣದಿಂದ ಅದು ಒಳಪೆಟ್ಟಿನ ವಯಸ್ಸನ್ನು ಹೇಳುತ್ತಿತ್ತು, ಅಂಚಿನ ಆಕಾರದಿಂದ ಬಡಿದ ವಸ್ತುವನ್ನು. ಬಳಿಕ ವಿಮೆ ಕಂಪನಿಗೆ ಬೇಕಾದ ರೋಗಸಂಕೇತವನ್ನು ತಾನೇ ಬರೆಯುತ್ತಿತ್ತು. ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಕಸ್ತೂರಿಯದೇ ಆಗಿದ್ದ ಕೆಲಸ ಅದು.

“ಇದು ತಪ್ಪಂಗೇ ಇಲ್ಲೇನ್ರಿ?” ಎಂದು ಕೇಳಿದಳು ಕಸ್ತೂರಿ.

“ನೋಡೂದ್ರಾಗ ತಪ್ಪಂಗಿಲ್ರಿ,” ಎಂದರು ಆ ಯಂತ್ರವನ್ನು ರೂಪಿಸಿದ ಡಾ. ನಿಖಿತಾ ಬಳಿಗಾರ. “ಆದ್ರ ಕೇಳಾಕ ಬರಂಗಿಲ್ಲ. ಎಲ್ಲಿದ್ದಾಗ ಪೆಟ್ಟು ಬಿತ್ತು, ಏನು ಮಾಡೂವಾಗ ಬಿತ್ತು, ಅದನ್ನ ನೀವ ತುಂಬಬೇಕು.”

ಕಸ್ತೂರಿಗೆ ಉಳಿದದ್ದು ಎರಡು ಖಾಲಿ ಜಾಗ ಮತ್ತು ಒಂದು ಸಹಿ. ನಿಖಿತಾ ಚಹಾಕ್ಕೆ ಹೊರಟರು. ಕಸ್ತೂರಿ ತಲೆಯೆತ್ತಿದಳು. ಬೆಳಕಿನಡಿ ಕಾಲು ಚಾಚಿ ಕೂತಿದ್ದವಳು ಓರಗಿತ್ತಿ ಚಂಪಾ. ಅತ್ತೆಯ ಮುದ್ದಿನ ಕಿರಿ ಸೊಸೆ. ನಲವತ್ತೈದಾದರೂ ನಡು ತೆಳ್ಳಗೇ ಇತ್ತು.

“ಮಂಚದ ಕಾಲು ಬಡೀತಕ್ಕಾ.”

ಪರದೆಯಲ್ಲಿ ಬೇರೆಯೇ ಮೂಡಿತು: ಎಡ ಮೊಣಕಾಲ ಕೆಳಗೆ ಒಳಪೆಟ್ಟು, ಮೂರು ದಿನದ್ದು, ಕೋಲಿನ ಹೊಡೆತ.

ಮೈದುನ ಹೊಡೆಯುತ್ತಾನೆಯೇ? ಹಾಗಾದರೆ ಇವಳೂ ಸುಖವಾಗಿಲ್ಲ! ಎದೆಯಲ್ಲಿ ಸಣ್ಣಗೆ ಖುಷಿ ಹರಿಯಿತು. ಮರುಗಳಿಗೆಯೇ ಕಸ್ತೂರಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ಯಾರು ಹೊಡದ್ರು, ಹೇಳು.”

ಚಂಪಾ ಸೆರಗು ಬಾಯಿಗೊತ್ತಿ ನಕ್ಕಳು. “ಪೋಸ್ಟಾಫೀಸಿನ ಲೀಲಕ್ಕ! ಹಾಕಿ ಆಟ ಆಡ್ತೇವಕ್ಕಾ, ಹನ್ನೊಂದು ಮಂದಿ ಹೆಂಗಸ್ರು. ರೈಲ್ವೆ ಮೈದಾನದಾಗ, ಮುಂಜಾನೆ ಐದಕ್ಕ.”

“ಗುಡಿಗೆ ಹೋಗ್ತೀನಿ ಅಂತಿದ್ದೀ?”

“ಗುಡಿ ದಾಟೇ ಹೋಗ್ಬೇಕಲ್ಲ.” ನಗು ನಿಂತಿತು. “ಅಕ್ಕಾ, ಮನಿ ಮಂದಿದೆಲ್ಲಾ ವಿಮೆ ಭಾವಾರ ಹೆಸರಿಲೆ ಐತಿ. ನೀ ಇದ್ದಂಗ ಬರದು ಸಹಿ ಹಾಕಿದ್ರ ಇದು ಸೀದಾ ಅವರ ಫೋನಿಗೆ ಹೋಗ್ತದ. ಮನ್ಯಾಗ ಗೊತ್ತಾದ್ರ ನನ್ನ ಆಟ ಮುಗೀತು.”

ಗಂಡನ ಹೊಡೆತವಾಗಿದ್ದರೆ ಕನಿಕರಪಡಬಹುದಿತ್ತು. ಈ ನೀಲಿ ಕಲೆಗೆ ಮಾತ್ರ ಕಸ್ತೂರಿಯ ಹೊಟ್ಟೆ ಉರಿಯಿತು. ಇದ್ದದ್ದು ಇದ್ದಂತೆ ಬರೆದರೆ ಸಾಕು. ನಾಳೆಯಿಂದ ಚಂಪಾ ಐದು ಗಂಟೆಗೆ ತನ್ನಂತೆಯೇ ಅಡುಗೆಮನೆಯಲ್ಲಿರುತ್ತಾಳೆ. ಬರೆದದ್ದು ತಪ್ಪೆಂದು ಯಾರೂ ಅನ್ನಲಾರರು.

ಕಸ್ತೂರಿ ಯಂತ್ರ ಬರೆದ ‘ಕೋಲಿನ ಹೊಡೆತ’ವನ್ನು ಅಳಿಸಿದಳು. ‘ಕಾರಣ: ಸ್ಪಷ್ಟವಿಲ್ಲ. ಸ್ಥಳ: ಸ್ಪಷ್ಟವಿಲ್ಲ. ಚಟುವಟಿಕೆ: ಸ್ಪಷ್ಟವಿಲ್ಲ.’ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಮಾತು ಬರೆದವಳಲ್ಲ. ನೋಡುವುದರಲ್ಲಿ ತಪ್ಪದ ಯಂತ್ರದ ಮುಂದೆಯೇ ಮೊದಲ ಸುಳ್ಳಿಗೆ ಸಹಿ ಹಾಕಿದಳು.

“ಕಾಲಿಗೆ ಬರ್ಫ್ ಇಟ್ಕೋ, ಹೋಗು,” ಎಂದಳು ಬಿರುಸಾಗಿ.

ಚಂಪಾ ಹೋದ ಮೇಲೆ ಬಾಗಿಲತ್ತ ಒಮ್ಮೆ ನೋಡಿ, ಸೀರೆಯನ್ನು ಗೇಣುದ್ದ ಎತ್ತಿ, ಕಸ್ತೂರಿ ತನ್ನ ಕಾಲನ್ನು ಬೆಳಕಿನಡಿ ಚಾಚಿದಳು. ಯಂತ್ರ ಮೇಲೂ ಕೆಳಗೂ ಹುಡುಕಿತು.

‘ಪೆಟ್ಟು: ಯಾವುದೂ ಇಲ್ಲ.’

ಕಾರಿಡಾರಿನಲ್ಲಿ ನಿಖಿತಾರ ಹೆಜ್ಜೆ ಕೇಳಿಸಿತು. ಕಸ್ತೂರಿ ನೆರಿಗೆ ಸರಿಮಾಡಿಕೊಂಡಳು. ಗುಡಿ ದಾಟಿ ರೈಲ್ವೆ ಮೈದಾನಕ್ಕೆ ಎಷ್ಟು ಹೊತ್ತಿನ ದಾರಿಯೆಂದು ಎಣಿಸಿ, ಫೋನಿನಲ್ಲಿ ಅಲಾರಂ ಅನ್ನು ನಾಲ್ಕೂವರೆಗೆ ಇಟ್ಟು, ಮುಂದಿನ ಚೀಟಿ ಕೈಗೆತ್ತಿಕೊಂಡಳು.